ಅಮ್ಮನ ಸೀರೆಗೆ ಆರು ಮೂಲೆ

ಉಡಲೂ ಆಗದ, ಎಸೆಯಲೂ ಮನಸ್ಸಾಗದ ಹಳೆ ಕಾಟನ್ ಸೀರೆಗಳು ನಿಮ್ಮ ಬೀರುವಿನಲ್ಲೂ ಇವೆಯೇ? ಮತ್ತೊಂದು ಮಳೆಗಾಲ ಅವನ್ನು ತಿಂದು ಹಾಕುವ ಮೊದಲು ಕತ್ತರಿ ಕೈಗೆತ್ತಿಕೊಳ್ಳಿ. ಮೆಷಿನ್ ಬೇಡ, ದುಡ್ಡೂ ಹೆಚ್ಚು ಬೇಡ. ಒಂದು ಸೂಜಿ, ಒಂದಿಷ್ಟು ಹಳೆ ಮದುವೆ ಕಾಗದ, ದಿನಕ್ಕೆ ಅರ್ಧ ಗಂಟೆ ಸಾಕು.

ನಿಮ್ಮ ಬೀರುವಿನ ಕೆಳಗಿನ ಖಾನೆಯನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಕಡಿಮೆಯೆಂದರೂ ನಾಲ್ಕೈದು ಹಳೆ ಸೀರೆಗಳಿರುತ್ತವೆ, ಅಲ್ಲವೇ? ಒಂದು ಅಮ್ಮನದ್ದು, ಒಂದು ಅತ್ತೆಯದ್ದು, ಇನ್ನೊಂದು ನೀವೇ ಸೀಮಂತಕ್ಕೆ ಉಟ್ಟದ್ದು. ಉಡೋಣ ಎಂದರೆ ಮಡಿಕೆಯಲ್ಲಿ ಹರಿದಿದೆ. ಯಾರಿಗಾದರೂ ಕೊಡೋಣ ಎಂದರೆ ಹರಿದದ್ದನ್ನು ಕೊಡುವುದು ಹೇಗೆ ಎಂಬ ಸಂಕೋಚ. ನೆಲ ಒರೆಸಲು ಹಾಕೋಣ ಎಂದರೆ ಹೊಟ್ಟೆಯೊಳಗೆ ಏನೋ ಸಂಕಟ. ಕೊನೆಗೆ ಎರಡು ನುಸಿಗುಳಿಗೆ ಹಾಕಿ ಬಾಗಿಲು ಮುಚ್ಚುತ್ತೇವೆ. ನಾನೂ ಹಾಗೇ ಮಾಡಿದವಳು. ಅದರಿಂದ ಆದ ನಷ್ಟವನ್ನು ಹೇಳಿಯೇ ಮುಂದಿನ ಮಾತು ಹೇಳುತ್ತೇನೆ.

ಅಮ್ಮ ತೀರಿಕೊಂಡಾಗ ಕಾರ್ಕಳದ ಮನೆಯಲ್ಲಿ ಅವರ ಸೀರೆಗಳನ್ನು ಹಂಚಿಕೊಳ್ಳಲು ಕುಳಿತೆವು. ನಾವು ಮೂವರು ಹೆಣ್ಣುಮಕ್ಕಳು: ದೊಡ್ಡಕ್ಕ ಮಣಿಪಾಲದಲ್ಲಿ, ತಂಗಿ ಕಾಪುವಿನಲ್ಲಿ, ನಾನು ಉಡುಪಿಯಲ್ಲಿ. ಕಾರ್ಕಳದ ಮನೆಯಲ್ಲೇ ಇರುವ ಅತ್ತಿಗೆ ನಾಲ್ಕನೆಯವರು. ರೇಷ್ಮೆ ಸೀರೆಗಳನ್ನು ಹಂಚುವಾಗ ಒಂದು ಮಾತೂ ಹೆಚ್ಚುಕಡಿಮೆ ಆಗಲಿಲ್ಲ. ಜಗಳ ಆದದ್ದು ಒಂದು ಕಾಟನ್ ಸೀರೆಗೆ! ಹಸಿರು ಮೈ, ಕುಂಕುಮದ ಬಣ್ಣದ ಅಂಚು. ಬೇಸಿಗೆಯಲ್ಲಿ ಹಲಸಿನ ಹಪ್ಪಳ ಒತ್ತುವಾಗಲೂ ಅಮ್ಮನ ಮೈಮೇಲೆ ಅದೇ, ನಮಗೆ ಜ್ವರ ಬಂದು ಅವರ ಮಡಿಲಲ್ಲಿ ಮಲಗಿದಾಗಲೂ ಅದೇ. ನಾಲ್ಕು ಜನರಿಗೂ ಅದೇ ಬೇಕು. "ನಾನು ದೊಡ್ಡವಳು" ಎಂದು ಅಕ್ಕ. "ಕೊನೆಗೆ ಅಮ್ಮನನ್ನು ನೋಡಿಕೊಂಡದ್ದು ಅತ್ತಿಗೆ ಅಲ್ವಾ, ಅವರಿಗೇ ಸೇರಬೇಕು" ಎಂದು ತಂಗಿ. ನಾನೂ ಸುಮ್ಮನಿರಲಿಲ್ಲ. ಮಾತು ಬೆಳೆದು ಅಕ್ಕನೂ ನಾನೂ ತಿಂಗಳುಗಟ್ಟಲೆ ಫೋನಿನಲ್ಲೂ ಮಾತಾಡಲಿಲ್ಲ. ಸೀರೆ ಯಾರಿಗೂ ಸೇರದೆ ಅಮ್ಮನ ಬೀರುವಿನಲ್ಲೇ ಉಳಿಯಿತು.

ಎರಡು ಮಳೆಗಾಲ ಕಳೆದ ಮೇಲೆ ಅತ್ತಿಗೆ ಬೀರು ತೆರೆದು ನೋಡಿದರೆ, ಸೀರೆಯ ಒಂದು ಬದಿಗೆ ಪೂರ್ತಿ ಬೂಷ್ಟು. ಮಡಿಕೆ ಬಿಡಿಸುತ್ತಿದ್ದಂತೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳಿತಂತೆ. ಅವರು ಫೋನ್ ಮಾಡಿ ಅತ್ತದ್ದು ಈಗಲೂ ಕಿವಿಯಲ್ಲಿದೆ. ಇಡೀ ಸೀರೆ ನನಗೇ ಬೇಕು ಎಂದು ಹಟ ಹಿಡಿದ ನಾಲ್ವರಿಗೆ ಉಳಿದದ್ದು ಅರ್ಧ ಸೀರೆಗಿಂತ ಕಡಿಮೆ, ಅದೂ ಅಲ್ಲಲ್ಲಿ ಅಂಗೈಯಗಲದ ಗಟ್ಟಿ ಜಾಗಗಳು. ಆ ಅಂಗೈಯಗಲದ ಬಟ್ಟೆಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರವೇ ಆರು ಮೂಲೆಯ ತುಂಡುಗಳ ಹೊದಿಕೆ.

ಆರು ಮೂಲೆಯೇ ಯಾಕೆ?

ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿಯಲು ಚೌಕವೂ ಆಗುತ್ತದೆ, ತ್ರಿಕೋನವೂ ಆಗುತ್ತದೆ. ಎಲ್ಲ ಬದಿಯೂ ಒಂದೇ ಅಳತೆಯಿದ್ದು, ನಡುವೆ ಜಾಗ ಬಿಡದೆ ಒಂದೇ ಆಕಾರದಿಂದ ನೆಲ ತುಂಬುವ ಆಕಾರಗಳು ಮೂರೇ: ತ್ರಿಕೋನ, ಚೌಕ, ಷಟ್ಕೋನ. ನಮ್ಮ ಕಡೆಯ ಕೆಲವು ಹಳೆ ಮನೆಗಳ ಜಗಲಿಯಲ್ಲಿ ಆರು ಮೂಲೆಯ ಕೆಂಪು ಹಂಚಿನ ನೆಲ ಇರುವುದನ್ನು ನೋಡಿರುತ್ತೀರಿ. ಜೇನುಗೂಡಿನ ಕಣ್ಣುಗಳೂ ಹೀಗೇ. ಒಂದೇ ವಿಸ್ತೀರ್ಣದ ಖಾನೆಗಳಾಗಿ ಜಾಗವನ್ನು ಹಂಚುವಾಗ ಗೋಡೆಯ ಒಟ್ಟು ಉದ್ದ ಅತಿ ಕಡಿಮೆ ಆಗುವುದು ಷಟ್ಕೋನದಲ್ಲೇ ಎಂಬುದನ್ನು ಗಣಿತಜ್ಞ ಥಾಮಸ್ ಹೇಲ್ಸ್ 1999ರಲ್ಲಿ ಸಾಧಿಸಿ ತೋರಿಸಿದರು. ನಮ್ಮ ಲೆಕ್ಕಕ್ಕೆ ಅದನ್ನು ಹೀಗೆ ಹೇಳಬಹುದು: ಅಷ್ಟೇ ದೊಡ್ಡ ತುಂಡುಗಳನ್ನು ಜೋಡಿಸುವಾಗ ಹೊಲಿಗೆಯ ಉದ್ದ ಕಡಿಮೆ ಬೀಳುವುದು ಆರು ಮೂಲೆಯಲ್ಲಿ.

ಇನ್ನೊಂದು ಅನುಕೂಲ ನನಗೆ ಹೊಲಿಯುತ್ತಾ ಗೊತ್ತಾಯಿತು. ಚೌಕದಲ್ಲಿ ನಾಲ್ಕು ಮೂಲೆ ಒಂದೇ ಕಡೆ ಬಂದು ಸೇರುತ್ತವೆ, ಒಂದು ನೂಲು ಆಚೀಚೆ ಆದರೂ ಎದ್ದು ಕಾಣುತ್ತದೆ. ಷಟ್ಕೋನದಲ್ಲಿ ಒಂದು ಬಿಂದುವಿಗೆ ಬರುವುದು ಮೂರೇ ಮೂಲೆ. ಒಳಗೆ ಕಾಗದ ಇಟ್ಟು ಹೊಲಿಯುವುದರಿಂದ ಅಳತೆಯೂ ತಪ್ಪುವುದಿಲ್ಲ. ಹೊಲಿಗೆ ಕ್ಲಾಸಿಗೆ ಹೋಗದವರಿಗೂ ಕೈಗೂಡುವ ಕೆಲಸ ಇದು.

ಎಲ್ಲಕ್ಕಿಂತ ಮುಖ್ಯವಾಗಿ, ಇದು ಕೈಚೀಲದಲ್ಲಿ ಹೋಗುವ ಕೆಲಸ. ಮಗಳ ಟ್ಯೂಷನ್ ಮುಗಿಯುವವರೆಗೆ, ಕಾರ್ಕಳದ ಬಸ್ಸು ಬರುವವರೆಗೆ, ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ನಂಬರ್ ಕರೆಯುವವರೆಗೆ ಎರಡು ತುಂಡು ಹೊಲಿದು ಮುಗಿಸಬಹುದು. ಟೀವಿ ಎದುರು ಕುಳಿತರಂತೂ ಒಂದು ಸೀರಿಯಲ್ ಮುಗಿಯುವುದರೊಳಗೆ ನಾಲ್ಕೈದು!

ಕೌದಿಯ ನಾಡಿನವರಿಗೆ ಹೊಸದಲ್ಲ

ಹಳೆ ಬಟ್ಟೆಯನ್ನು ಪದರ ಪದರ ಹೊಲಿದು ಹೊದಿಕೆ ಮಾಡುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಕೌದಿ, ಮರಾಠಿ–ಕೊಂಕಣಿಯವರಿಗೆ ವಾಕಳ. ನಮ್ಮ ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ. ಅವರು ಅಳತೆಯ ಕಾಗದ ಇಡುವುದಿಲ್ಲ. ಅಂಚಿನಿಂದ ಶುರು ಮಾಡಿ, ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಹೊಲಿಯುತ್ತಾ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ 'ಫುಲ' ಎಂಬ ಹೂವು ಇಡುತ್ತಾರೆ.

ಕಾಗದ ಇಟ್ಟು ಷಟ್ಕೋನ ಹೊಲಿಯುವ ಕ್ರಮ ಇಂಗ್ಲೆಂಡಿನದ್ದು. ಅಲ್ಲಿಂದ ಅಮೆರಿಕಕ್ಕೆ ಹೋಯಿತು. 1835ರಲ್ಲಿ 'ಗೋಡೀಸ್ ಲೇಡೀಸ್ ಬುಕ್' ಎಂಬ ಅಲ್ಲಿನ ಮಹಿಳಾ ಪತ್ರಿಕೆ ಈ ಜೇನುಗೂಡು ಮಾದರಿಯನ್ನು ಅಚ್ಚು ಹಾಕಿತ್ತು. ಏಳು ತುಂಡುಗಳ ಹೂವುಗಳನ್ನು ಜೋಡಿಸಿದ 'ಅಜ್ಜಿಯ ಹೂತೋಟ' ಎಂಬ ಹೊದಿಕೆ 1930ರ ದಶಕದ ಕಷ್ಟಕಾಲದಲ್ಲಿ ಅಮೆರಿಕದ ಮನೆಮನೆಯಲ್ಲೂ ಜನಪ್ರಿಯವಾಯಿತು. ಆ ಕಾಲದ ಹೆಂಗಸರೂ ನಮ್ಮ ಹಾಗೇ, ಚೂರು ಬಟ್ಟೆಯನ್ನೂ ಬಿಡುತ್ತಿರಲಿಲ್ಲ. ಇಂಗ್ಲೆಂಡಿನ ಕೆಲವು ಹಳೆ ಹೊದಿಕೆಗಳಲ್ಲಿ ಒಳಗಿನ ಕಾಗದ ತೆಗೆಯದೆ ಉಳಿದಿದೆ. ಹಳೆ ಪತ್ರ, ಲೆಕ್ಕದ ಪುಸ್ತಕದ ಹಾಳೆ, ಪತ್ರಿಕೆಯ ಚೂರುಗಳು. ಅವುಗಳ ಮೇಲಿನ ತಾರೀಕು ನೋಡಿ ಹೊದಿಕೆ ಯಾವ ಕಾಲದ್ದೆಂದು ಅಂದಾಜು ಮಾಡುತ್ತಾರೆ.

ಒಂದು ಷಟ್ಕೋನದ ಹೊದಿಕೆಯ ಕಥೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1942ರಲ್ಲಿ ಜಪಾನಿ ಸೇನೆ ಸಿಂಗಾಪುರವನ್ನು ಹಿಡಿದಾಗ ಅಲ್ಲಿದ್ದ ಬ್ರಿಟಿಷ್ ಮತ್ತಿತರ ಕುಟುಂಬಗಳ ಹೆಂಗಸರು, ಮಕ್ಕಳನ್ನು ಚಾಂಗಿ ಜೈಲಿಗೆ ಹಾಕಿದರು. ಅಲ್ಲಿ ಎಲಿಜಬೆತ್ ಎನ್ನಿಸ್ ಎಂಬವರು ಹುಡುಗಿಯರನ್ನು ಸೇರಿಸಿ ಗೈಡ್ಸ್ ತಂಡ ಕಟ್ಟಿದರು. ಎಂಟರಿಂದ ಹದಿನಾರು ವರ್ಷದ ಸುಮಾರು ಇಪ್ಪತ್ತು ಹುಡುಗಿಯರು. ಊಟಕ್ಕೇ ಗತಿಯಿಲ್ಲದ ಜಾಗದಲ್ಲಿ ಆ ಮಕ್ಕಳು ಸಿಕ್ಕಿದ ಚಿಂದಿ ಸೇರಿಸಿ, ತಮ್ಮ ಈ ಅಕ್ಕನ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಷಟ್ಕೋನದ ಹೂವುಗಳ ಹೊದಿಕೆ ಹೊಲಿದರು. ಅದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಿದ ಮೇಲೆ ಜೈಲಿನ ಹೆಂಗಸರು ಇನ್ನೂ ಮೂರು ದೊಡ್ಡ ಹೊದಿಕೆಗಳನ್ನು ಮಾಡಿದರು. ಒಂದೊಂದರಲ್ಲಿ 66 ಚೌಕ, ಚೌಕದಲ್ಲಿ ಕಸೂತಿಯ ಜೊತೆ ಹೊಲಿದವಳ ಹೆಸರು. ಬೇರೆ ಕಡೆ ಬಂಧನದಲ್ಲಿದ್ದ ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ 'ನಾನು ಬದುಕಿದ್ದೇನೆ' ಎಂಬ ಸುದ್ದಿ ಆ ಹೆಸರಿನಿಂದಲಾದರೂ ತಲುಪಲಿ ಎಂಬ ಆಸೆ ಅದು.

ಇದನ್ನು ಓದಿದ ಮೇಲೆ, ನಮ್ಮ ಹೊದಿಕೆಯ ಒಂದು ತುಂಡಿನಲ್ಲಾದರೂ ಅಮ್ಮನ ಹೆಸರು ಇರಲೇಬೇಕು ಎಂದು ನನಗೆ ಅನಿಸಿತು.

ಕತ್ತರಿ ಹಾಕುವ ಮೊದಲು

"ಎಂತ ಮಾರಾಯ್ತಿ, ಅಕ್ಕ ಉಟ್ಟ ಸೀರೆಗೆ ಕತ್ತರಿ ಹಾಕ್ತೀಯಾ?" ಎಂದು ನಮ್ಮ ಚಿಕ್ಕಮ್ಮ ಬೈದೇ ಬೈದರು. ನಿಮ್ಮ ಮನೆಯಲ್ಲೂ ಯಾರಾದರೂ ಕೇಳಬಹುದು. ಹಾಗಾಗಿ ಯಾವುದಕ್ಕೆ ಕತ್ತರಿ ಹಾಕಬಹುದು, ಯಾವುದಕ್ಕೆ ಬೇಡ ಎಂದು ಮೊದಲೇ ವಿಂಗಡಿಸಿಕೊಳ್ಳಿ.

ಹರಿಯದ, ಉಡಲು ಬರುವ ಸೀರೆಗೆ ಕತ್ತರಿ ಬೇಡವೇ ಬೇಡ. ಅದರಲ್ಲೂ ಹಳೆಯ ಉಡುಪಿ ಸೀರೆ ನಿಮ್ಮಲ್ಲಿದ್ದರೆ ಜೋಪಾನ. ಶೆಟ್ಟಿಗಾರ್ ನೇಕಾರರ ಕೈಮಗ್ಗದ ಈ ಹಗುರ ಕಾಟನ್ ಸೀರೆಗೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಒಂದು ಕಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು, ಆಮೇಲೆ ನೇಯುವವರೇ ಬೆರಳೆಣಿಕೆಗೆ ಇಳಿದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್ ಇದನ್ನು ಉಳಿಸಲು ಕೆಲಸ ಮಾಡುತ್ತಾ ಬಂದಿವೆ. ಅಂಥ ಸೀರೆ ಗಟ್ಟಿ ಇದ್ದರೆ ಉಡಿ. ಉಟ್ಟು ಉಟ್ಟು ಹರಿದಿದ್ದರೆ ಮಾತ್ರ ಹೊದಿಕೆಗೆ ಸೇರಿಸಿ. ತೊಳೆದು ತೊಳೆದು ಮೆತ್ತಗಾದ ಕೈಮಗ್ಗದ ಕಾಟನ್ನಿನಷ್ಟು ಸೂಜಿಗೆ ಸಲೀಸಾದ ಬಟ್ಟೆ ಇನ್ನೊಂದಿಲ್ಲ.

ರೇಷ್ಮೆ ಮತ್ತು ಜರಿಯ ಅಂಚನ್ನು ಇದಕ್ಕೆ ಸೇರಿಸಬೇಡಿ. ಹಳೆ ರೇಷ್ಮೆ ಮಡಿಕೆಯಲ್ಲಿ ಬಿರಿಯುತ್ತದೆ, ಜರಿ ಮೈಗೆ ಚುಚ್ಚುತ್ತದೆ. ಪಾಲಿಯೆಸ್ಟರ್, ಜಾರ್ಜೆಟ್ ಕೂಡ ಬೇಡ. ಅವು ಜಾರುತ್ತವೆ, ಇಸ್ತ್ರಿಯ ಬಿಸಿಗೆ ಮುದುಡುತ್ತವೆ. ಕಾಟನ್ ಜೊತೆ ಕಾಟನ್ ಮಾತ್ರ ಇರಲಿ. ಮಕ್ಕಳ ಹಳೆ ಕಾಟನ್ ಫ್ರಾಕು, ಗಂಡನ ಕಾಲರ್ ಸವೆದ ಕಾಟನ್ ಶರ್ಟು, ಬ್ಲೌಸ್ ಹೊಲಿಸಿದಾಗ ಉಳಿದ ತುಂಡು, ಟೈಲರ್ ಅಂಗಡಿಯವರು ಚೀಲದಲ್ಲಿ ಕಟ್ಟಿಡುವ ಚೂರುಗಳು ಎಲ್ಲವೂ ಆಗುತ್ತದೆ.

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ತೆಳುವಾಗಿ ಜಾಳುಜಾಳಾಗಿ ಕಂಡರೆ ಆ ಜಾಗ ಬಿಡಿ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ 'ಚರ್' ಎಂದರೆ ಅದೂ ಬೇಡ. ನಮ್ಮ ಹಸಿರು ಸೀರೆಯಲ್ಲಿ ಸೆರಗಿನ ಹತ್ತಿರ ಮತ್ತು ಒಳಗೆ ಸಿಕ್ಕಿಸುವ ಭಾಗದಲ್ಲಿ ಹೆಚ್ಚು ಗಟ್ಟಿ ಜಾಗ ಸಿಕ್ಕಿತು.

ಆಮೇಲೆ ತೊಳೆಯಿರಿ. ನಾನು ಮೊದಲ ಸಲ ಸೋಮಾರಿತನ ಮಾಡಿ ಒಂದು ಕೆಂಪು ಬ್ಲೌಸ್ ಪೀಸನ್ನು ತೊಳೆಯದೇ ಸೇರಿಸಿದ್ದೆ. ಹೊದಿಕೆ ಮೊದಲ ಬಾರಿ ನೀರಿಗೆ ಬಿದ್ದಾಗ ಪಕ್ಕದ ಬಿಳಿ ಹೂವು ಪೂರ್ತಿ ಗುಲಾಬಿಯಾಯಿತು! ಒದ್ದೆ ಬಿಳಿ ಬಟ್ಟೆಯಿಂದ ತುಂಡನ್ನು ಉಜ್ಜಿ ನೋಡಿ, ಬಣ್ಣ ಹತ್ತಿದರೆ ಬಿಡುವುದು ನಿಲ್ಲುವವರೆಗೆ ಬೇರೆಯಾಗಿಯೇ ತೊಳೆಯಿರಿ. ನಿಲ್ಲದಿದ್ದರೆ ಬಿಟ್ಟುಬಿಡಿ. ಉಪ್ಪು ನೀರಲ್ಲಿ ನೆನೆಸಿದರೆ ಸಾಕು ಎಂಬ ಮಾತನ್ನು ನಂಬಿ ಕೂರಬೇಡಿ. ಬೂಷ್ಟಿನ ವಾಸನೆ ಇದ್ದ ಬಟ್ಟೆಯನ್ನು ಚೆನ್ನಾಗಿ ತೊಳೆದು, ಕಡು ಬಿಸಿಲಿಗೆ ಎರಡು ದಿನ ಹಾಕಿ. ಹಳೆ ಕೈಮಗ್ಗದ ಬಟ್ಟೆಗೆ ಅಂಟುವಾಳ ಒಳ್ಳೆಯದು, ಬ್ರಷ್ ಹಾಕಿ ಉಜ್ಜಬೇಡಿ.

ಬೇಕಾಗುವ ಸಾಮಾನು

• ಸಣ್ಣ, ತೆಳು ಸೂಜಿಗಳ ಒಂದು ಪೊಟ್ಟಣ
• ಕಾಟನ್ ಹೊಲಿಗೆ ನೂಲು. ಬೂದು ಬಣ್ಣದ್ದು ಒಂದು, ತಿಳಿ ಬಣ್ಣದ್ದು ಒಂದು. ಬೂದು ಬಣ್ಣ ಹೆಚ್ಚಿನ ಬಟ್ಟೆಗಳ ಮೇಲೆ ಕಾಣುವುದಿಲ್ಲ
• ಕಚ್ಚಾ ಹೊಲಿಗೆಗೆ ಯಾವುದಾದರೂ ಉಳಿದ ನೂಲು
• ಎರಡು ಕತ್ತರಿ: ಒಂದು ಬಟ್ಟೆಗೆ, ಒಂದು ಕಾಗದಕ್ಕೆ. ಅದಲುಬದಲು ಮಾಡಿದರೆ ಬಟ್ಟೆಯ ಕತ್ತರಿ ಮೊಂಡಾಗುತ್ತದೆ
• ಹಳೆ ಮದುವೆ ಕಾಗದಗಳು. ತೀರಾ ದಪ್ಪದ್ದು ಬೇಡ, ಬಾಗುವಂತಿರಬೇಕು. ಕ್ಯಾಲೆಂಡರಿನ ಹಾಳೆಯೂ ಆದೀತು
• ಮಕ್ಕಳ ಕಂಪಾಸ್ ಬಾಕ್ಸ್, ಗುಂಡುಪಿನ್ನುಗಳು, ಇಸ್ತ್ರಿಪೆಟ್ಟಿಗೆ

ಹೊಲಿಯುವ ಕ್ರಮ

ಅಚ್ಚು: ಕೈವಾರವನ್ನು ಒಂದೂವರೆ ಇಂಚಿಗೆ ತೆರೆದು ರಟ್ಟಿನ ಮೇಲೆ ಒಂದು ವೃತ್ತ ಬರೆಯಿರಿ. ಕೈವಾರದ ತೆರಪನ್ನು ಬದಲಿಸದೆ, ವೃತ್ತದ ಗೆರೆಯ ಮೇಲೆ ಅದರ ಮುಳ್ಳನ್ನಿಟ್ಟು ಒಂದಾದ ಮೇಲೊಂದು ಗುರುತು ಹಾಕುತ್ತಾ ಹೋಗಿ. ಸರಿಯಾಗಿ ಆರು ಗುರುತು ಬರುತ್ತವೆ. ಅವನ್ನು ಗೆರೆ ಎಳೆದು ಸೇರಿಸಿದರೆ ಒಂದೂವರೆ ಇಂಚು ಬದಿಯ ಷಟ್ಕೋನ ಸಿದ್ಧ. ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಮದುವೆ ಕಾಗದದ ತುಂಡುಗಳನ್ನೆಲ್ಲ ಈ ಒಂದೇ ಅಚ್ಚಿನಿಂದ ಬರೆದು ಕತ್ತರಿಸಬೇಕು. ಒಂದು ಕಾಗದದಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಹೋದರೆ ಅಳತೆ ಬೆಳೆಯುತ್ತಾ ಹೋಗಿ ಕೊನೆಗೆ ತುಂಡುಗಳು ಕೂಡುವುದೇ ಇಲ್ಲ.

ಬಟ್ಟೆ: ಇಸ್ತ್ರಿ ಮಾಡಿದ ಬಟ್ಟೆಯಿಂದ ಮೂರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ. ಚೌಕದ ಹಿಂಬದಿಯಲ್ಲಿ ನಡುವಿಗೆ ಕಾಗದ ಇಟ್ಟು ಪಿನ್ ಚುಚ್ಚಿ. ಮೂಲೆಗಳಲ್ಲಿ ಹೆಚ್ಚು ಉಳಿದ ಬಟ್ಟೆ ತೆಗೆಯಿರಿ, ಸುತ್ತ ಸುಮಾರು ಕಾಲು ಇಂಚು ಇದ್ದರೆ ಸಾಕು.

ಮಡಚುವುದು: ಒಂದು ಬದಿಯ ಬಟ್ಟೆಯನ್ನು ಕಾಗದದ ಮೇಲೆ ಬಿಗಿಯಾಗಿ ಮಡಚಿ. ಪಕ್ಕದ ಬದಿಯನ್ನೂ ಮಡಚಿದಾಗ ಮೂಲೆಯಲ್ಲಿ ಬಟ್ಟೆಯ ಮೇಲೆ ಬಟ್ಟೆ ಕೂರುತ್ತದೆ. ಅಲ್ಲಿ ಬಟ್ಟೆಯನ್ನಷ್ಟೇ ಹಿಡಿದು, ಕಾಗದ ಚುಚ್ಚದೆ ಎರಡು ಹೊಲಿಗೆ ಹಾಕಿ ಮುಂದಿನ ಮೂಲೆಗೆ ಹೋಗಿ. ಹೀಗೆ ಆರು ಮೂಲೆ. ಈ ಕಚ್ಚಾ ಹೊಲಿಗೆ ಬಿಚ್ಚುವ ಅಗತ್ಯವೇ ಇಲ್ಲ, ಹಿಂದುಗಡೆ ಹಾಗೇ ಉಳಿದರೂ ತೊಂದರೆಯಿಲ್ಲ. ಮೊದಲ ಹತ್ತು ತುಂಡು ವಕ್ರವಾಗಿ ಬರಬಹುದು, ಬೇಸರ ಬೇಡ. ನನ್ನ ಮೊದಲ ತುಂಡು ಐದು ಮೂಲೆಯದ್ದಾಗಿತ್ತು!

ಜೋಡಿಸುವುದು: ಎರಡು ತುಂಡುಗಳನ್ನು ಮುಖಕ್ಕೆ ಮುಖ ಇಟ್ಟು ಒಂದು ಬದಿ ಸರಿ ಹೊಂದಿಸಿ. ಮೊಳಕೈಯಿಂದ ಬೆರಳತುದಿಯವರೆಗಿನಷ್ಟೇ ಉದ್ದದ ನೂಲು ಪೋಣಿಸಿ, ಹೆಚ್ಚಾದರೆ ಸಿಕ್ಕಾಗುತ್ತದೆ. ಎರಡೂ ಮಡಿಕೆಯ ತುದಿಯ ಎರಡು ಮೂರು ಎಳೆಗಳನ್ನಷ್ಟೇ ಹಿಡಿದು ಅಂಚು ಸುತ್ತಿ ಹೊಲಿಯುತ್ತಾ ಹೋಗಿ. ಸೂಜಿಗೆ ಕಾಗದ ತಾಗುವುದು ಬೆರಳಿಗೇ ಗೊತ್ತಾಗುತ್ತದೆ, ಆಗ ಸ್ವಲ್ಪ ಮೇಲಕ್ಕೆ ಸರಿಸಿ. ಇಂಚಿಗೆ ಹನ್ನೆರಡರ ಆಸುಪಾಸು ಹೊಲಿಗೆ ಬಿದ್ದರೆ ಗಟ್ಟಿ. ಒಂದು ಗುಟ್ಟು: ಮೂಲೆಯಿಂದ ಕಾಲು ಇಂಚು ಈಚೆಯೇ ಶುರು ಮಾಡಿ, ಮೂಲೆಯ ಕಡೆಗೆ ಹೊಲಿದು, ಅಲ್ಲಿಂದ ತಿರುಗಿ ಮುಂದೆ ಬನ್ನಿ. ಬಿಚ್ಚಿಕೊಳ್ಳುವುದು ಯಾವಾಗಲೂ ಮೂಲೆಯೇ, ಅಲ್ಲಿ ಎರಡು ಸಲ ಹೊಲಿಗೆ ಬಿದ್ದರೆ ಚಿಂತೆಯಿಲ್ಲ.

ಹೂವು: ನಡುವಿಗೊಂದು ತುಂಡು, ಸುತ್ತ ಆರು ಎಸಳು. ಎಸಳನ್ನು ಮೊದಲು ನಡುವಿನ ತುಂಡಿಗೆ, ಆಮೇಲೆ ಪಕ್ಕದ ಎಸಳಿಗೆ ಹೊಲಿಯಿರಿ. ಕೈಗೆ ಸಿಗದಿದ್ದರೆ ಕಾಗದ ಸಹಿತ ಮಡಚಿಕೊಳ್ಳಿ, ಏನೂ ಆಗುವುದಿಲ್ಲ. ಒಂದು ತುಂಡಿನ ಆರೂ ಬದಿ ಹೊಲಿದಾದ ಮೇಲೆ ಮಾತ್ರ ಅದರ ಕಾಗದ ಎಳೆಯಿರಿ. ಹರಿಯದ ಕಾಗದವನ್ನು ಮತ್ತೆ ಬಳಸಬಹುದು.

ಎಷ್ಟು ತುಂಡು ಬೇಕು?

ಶುರು ಮಾಡುವ ಮೊದಲು ಲೆಕ್ಕ ಗೊತ್ತಿದ್ದರೆ ನಡುವೆ ಕೈಬಿಡುವ ಪ್ರಮೇಯ ಬರುವುದಿಲ್ಲ. ಒಂದೂವರೆ ಇಂಚು ಬದಿಯ ತುಂಡಾದರೆ, 36 ಇಂಚು ಅಗಲ 48 ಇಂಚು ಉದ್ದದ ಮಗುವಿನ ಹೊದಿಕೆಗೆ ಸುಮಾರು 300 ತುಂಡು, ಅಂದರೆ ನಲವತ್ತೆರಡು ನಲವತ್ತಮೂರು ಹೂವು. 60 ಇಂಚು ಅಗಲ 90 ಇಂಚು ಉದ್ದದ ಸಿಂಗಲ್ ಮಂಚದ ಹೊದಿಕೆಗೆ ಸುಮಾರು 925 ತುಂಡು. ಅಷ್ಟು ತಾಳ್ಮೆ ಇಲ್ಲವೆಂದಾದರೆ ಎರಡು ಇಂಚು ಬದಿಯ ಅಚ್ಚು ಮಾಡಿಕೊಳ್ಳಿ, ಅದೇ ಮಂಚಕ್ಕೆ 520ರಷ್ಟು ಸಾಕು. ಬಟ್ಟೆಯ ಚೌಕ ಆಗ ನಾಲ್ಕೂವರೆ ಇಂಚು ಇರಲಿ. ಸೀರೆಯಲ್ಲಿ ಒಂದೇ ಒಂದು ಮೀಟರ್ ಗಟ್ಟಿ ಬಟ್ಟೆ ಸಿಕ್ಕಿದರೂ ಮೂರೂವರೆ ಇಂಚಿನ 130ರಷ್ಟು ಚೌಕ ಏಳುತ್ತವೆ.

ಮೊದಲ ಸಲಕ್ಕೆ ಮಂಚದ ಹೊದಿಕೆಗೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ಏಳು ಹೂವುಗಳ ಒಂದು ದಿಂಬಿನ ಕವರ್ ಮಾಡಿ ನೋಡಿ. ಅದು ಮುಗಿದರೆ ಮಗುವಿನ ಹೊದಿಕೆಗೆ ಧೈರ್ಯ ಬರುತ್ತದೆ.

ನಮ್ಮ ಮಳೆಗೆ ತಕ್ಕ ಹೊದಿಕೆ

ಹೊರದೇಶದ ಪುಸ್ತಕಗಳಲ್ಲಿ ಒಳಗೆ ದಪ್ಪ ಹತ್ತಿಯೋ ಪಾಲಿಯೆಸ್ಟರ್ ಹಾಸೋ ತುಂಬಲು ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಅಂಥದ್ದು ಒಮ್ಮೆ ಒದ್ದೆಯಾದರೆ ಒಣಗುವುದು ಚೌತಿ ಕಳೆದ ಮೇಲೆಯೇ! ನಮಗೆ ಕೌದಿಯ ಕ್ರಮವೇ ಸರಿ. ಕೆಳಗೆ ಒಂದು ಹಳೆ ಕಾಟನ್ ಬೆಡ್‌ಶೀಟ್, ನಡುವೆ ಒಂದು ಪದರ ಮೆತ್ತಗಿನ ಹಳೆ ಸೀರೆ, ಮೇಲೆ ನಿಮ್ಮ ಹೂವುಗಳು. ಮೂರು ಪದರ ಸಾಕು. ಆಟಿಯ ಚಳಿಗೂ ಆಗುತ್ತದೆ, ಮೇ ತಿಂಗಳಿನ ಫ್ಯಾನಿನ ಗಾಳಿಗೂ ಆಗುತ್ತದೆ.

ಮೂರೂ ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಡುವಿನಿಂದ ಶುರು ಮಾಡಿ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಅಂಚಿನಿಂದ ಶುರು ಮಾಡಿದರೆ ಸುಕ್ಕೆಲ್ಲ ನಡುವಿಗೆ ಬಂದು ನಿಲ್ಲುತ್ತದೆ. ಆಮೇಲೆ ಪ್ರತಿ ಹೂವಿನ ಸುತ್ತ ಮೂರು ಪದರವೂ ಸೇರುವಂತೆ ಸಾದಾ ರನ್ನಿಂಗ್ ಹೊಲಿಗೆ. ಹೂವುಗಳ ಹೊರ ಅಂಚು ಹಲ್ಲು ಹಲ್ಲಾಗಿ ಬರುತ್ತದೆ. ಅದನ್ನು ಕತ್ತರಿಸಬೇಡಿ. ನಾಲ್ಕೂ ಕಡೆ ಒಂದೇ ಬಣ್ಣದ ಅಗಲ ಪಟ್ಟಿ ಇಟ್ಟು, ಅದರ ಮೇಲೆ ಹಲ್ಲುಗಳನ್ನು ಕೂರಿಸಿ ಹೆಮ್ಮಿಂಗ್ ಮಾಡಿದರೆ ಅಂಚು ನೇರವಾಗುತ್ತದೆ, ನೋಡಲೂ ಚಂದ.

ಹಸಿರು ಸೀರೆ ಎಲ್ಲಿ ಹೋಯಿತು?

ಆಟಿ ತಿಂಗಳ ಒಂದು ಭಾನುವಾರ ನಾವು ನಾಲ್ವರೂ ಕಾರ್ಕಳದ ಮನೆಯ ಜಗಲಿಯಲ್ಲಿ ಕುಳಿತೆವು. ಕತ್ತರಿ ಹಿಡಿಯಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ "ಕೊಡಿ ಇಲ್ಲಿ" ಎಂದು ಚಿಕ್ಕಮ್ಮನೇ ಕತ್ತರಿ ತೆಗೆದುಕೊಂಡರು. ಬೂಷ್ಟು ಹಿಡಿದ ಬದಿಯನ್ನು ನೋಡಿದ ಮೇಲೆ ಅವರೂ ಬೈಯುವುದು ಬಿಟ್ಟಿದ್ದರು. ಗಟ್ಟಿ ಜಾಗ ಹುಡುಕಿ ಹುಡುಕಿ ತೆಗೆದಾಗ ಸಿಕ್ಕಿದ್ದು 84 ತುಂಡು. ಅದರಲ್ಲಿ 12 ಕುಂಕುಮ ಬಣ್ಣದ ಅಂಚಿನದ್ದು, 72 ಹಸಿರು. ಹನ್ನೆರಡು ಹೂವು! ಒಬ್ಬೊಬ್ಬರಿಗೆ ಮೂರು ಮೂರು. ಹಂಚಿದ್ದು ದೊಡ್ಡಕ್ಕ, ನನ್ನ ಕೈಗೆ ಮೊದಲು ಕೊಟ್ಟದ್ದೂ ಅವಳೇ. ಅದಕ್ಕಿಂತ ಹೆಚ್ಚಿನ ರಾಜಿ ಮಾತು ನಮ್ಮಿಬ್ಬರ ನಡುವೆ ಆಗಲಿಲ್ಲ, ಬೇಕಾಗಲೂ ಇಲ್ಲ.

ಉಳಿದ ಹೂವುಗಳಿಗೆ ಅವರವರ ಮನೆಯ ಬಟ್ಟೆ. ನನ್ನ ಹೊದಿಕೆಯಲ್ಲಿ ಮಗಳ ಮೊದಲ ಫ್ರಾಕು ಇದೆ, ಅತ್ತೆಯ ನೀಲಿ ಸೀರೆ ಇದೆ. ದಿನಕ್ಕೊಂದು ಹೂವಿನಂತೆ ಶುರು ಮಾಡಿದ ಕೆಲಸ ದೀಪಾವಳಿಯ ಹೊತ್ತಿಗೆ ಮುಗಿಯಿತು. ತಂಗಿ ತನ್ನದನ್ನು ಕಾಪು ಬೀಚಿನಲ್ಲಿ ಮಕ್ಕಳನ್ನು ಆಡಲು ಬಿಟ್ಟು, ದೀಪಸ್ತಂಭದ ಬುಡದಲ್ಲಿ ಕುಳಿತು ಹೊಲಿದು ಮುಗಿಸಿದಳು. ಅತ್ತಿಗೆಯದ್ದು ಇನ್ನೂ ಅರ್ಧದಲ್ಲಿದೆ, ಅವರಿಗೆ ಮನೆಗೆಲಸದ ನಡುವೆ ಬಿಡುವೇ ಸಿಗುವುದಿಲ್ಲ. ಹೋದಾಗಲೆಲ್ಲ ನಾವು ಎರಡೆರಡು ಹೂವು ಹೊಲಿದು ಕೊಟ್ಟು ಬರುತ್ತೇವೆ. ನಾಲ್ಕೂ ಹೊದಿಕೆಗಳಲ್ಲಿ ಒಂದು ಹಸಿರು ಹೂವಿನ ನಡುವೆ ಅಮ್ಮನ ಹೆಸರನ್ನು ಸಣ್ಣ ಕಸೂತಿಯಲ್ಲಿ ಬರೆದಿದ್ದೇವೆ.

ಮೊನ್ನೆ ಜ್ವರ ಬಂದ ಮಗಳು ಆ ಹೊದಿಕೆ ಹೊದ್ದು ಮಲಗಿದ್ದಳು. ಬೆರಳಲ್ಲಿ ಹಸಿರು ಹೂವು ಸವರುತ್ತಾ, "ಇದು ಅಜ್ಜಿಯದ್ದಲ್ವಾ ಅಮ್ಮ?" ಎಂದಳು. ಅಜ್ಜಿ ಹೋದಾಗ ಅವಳಿಗೆ ಎರಡು ವರ್ಷ. ಸೀರೆ ಬೀರುವಿನಲ್ಲೇ ಇದ್ದಿದ್ದರೆ ಅವಳು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಜಗಳ ಮಾಡದೆ ಎರಡು ಮಳೆಗಾಲ ಮೊದಲೇ ಕತ್ತರಿ ಹಿಡಿದಿದ್ದರೆ ಇನ್ನೆಷ್ಟು ಹೂವು ಆಗುತ್ತಿತ್ತೋ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ನಿಮಗೆ ಆ ಲೆಕ್ಕ ಬಾರದಿರಲಿ. ಇವತ್ತೇ ಬೀರುವಿನ ಕೆಳಗಿನ ಖಾನೆ ತೆರೆಯಿರಿ. ಸೀರೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ.

ನೆನಪಿಡಿ

• ಮುಸ್ಸಂಜೆಯಲ್ಲಿ ಹೊಲಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು. ಮಂದ ಬೆಳಕಿನಲ್ಲಿ ಕಣ್ಣಿಗೆ ಆಯಾಸ, ಬೆರಳಿಗೆ ಸೂಜಿ. ಹಗಲು ಕಿಟಕಿಯ ಬಳಿ, ರಾತ್ರಿಯಾದರೆ ಭುಜದ ಹಿಂದಿನಿಂದ ಬೆಳಕು ಬೀಳುವಂತೆ ಕುಳಿತುಕೊಳ್ಳಿ.
• ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕುತ್ತಿಗೆ, ಭುಜ ಆಡಿಸಿ. ಮಡಿಲಲ್ಲಿ ಒಂದು ದಿಂಬಿಟ್ಟು ಕೈ ಊರಿ ಹೊಲಿದರೆ ಕುತ್ತಿಗೆ ಬಗ್ಗಿಸಬೇಕಾಗಿಲ್ಲ.
• ಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ. ಹೊದಿಕೆ ಬಳಸುವ ಮೊದಲು ಪೂರ್ತಿ ಸವರಿ ನೋಡಿ, ಪಿನ್ ಉಳಿದಿರಬಾರದು.
• ಕೈಚೀಲಕ್ಕೆ ಒಂದು ಸಣ್ಣ ಡಬ್ಬಿ: ಹತ್ತು ಚೌಕ, ಹತ್ತು ಕಾಗದ, ಎರಡು ಸೂಜಿ, ಒಂದು ನೂಲು, ಪುಟ್ಟ ಕತ್ತರಿ. ಸೂಜಿಯನ್ನು ಬಟ್ಟೆಗೆ ಚುಚ್ಚಿಯೇ ಮುಚ್ಚಳ ಹಾಕಿ.
• ಹೊದಿಕೆಯನ್ನು ತಣ್ಣೀರಲ್ಲಿ ಕೈಯಿಂದಲೇ ಒಗೆಯಿರಿ, ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಎಳೆಯುತ್ತದೆ. ಚಾಪೆಯ ಮೇಲೆ ಹರಡಿ, ಬಣ್ಣ ಮಾಸದಂತೆ ಹಿಂಬದಿಯನ್ನು ಬಿಸಿಲಿಗೆ ಹಿಡಿದು ಒಣಗಿಸಿ.
• ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆ ಕಾಟನ್ ಪಂಚೆಯಲ್ಲಿ ಸುತ್ತಿಡಿ. ತಿಂಗಳಿಗೊಮ್ಮೆ ಬಿಡಿಸಿ, ಮಡಿಕೆ ಬದಲಿಸಿ. ಇನ್ನೂ ಒಳ್ಳೆಯದೆಂದರೆ, ದಿನಾ ಹೊದೆಯಿರಿ.